ಆರನೇ ಟ್ರ್ಯಾಕಿನ ದನಿ

9 ಜನವರಿ 2007, ಮಂಗಳವಾರ
ಜೀಶಾನ್ ರೂಮಿನಲ್ಲಿ ಮತ್ತೆ ಪ್ರಾಕ್ಟೀಸ್. ಹಿರೇಹಳ್ಳಿಯ ಫ್ಯಾಕ್ಟರಿಯಲ್ಲಿ ಫಸ್ಟ್ ಶಿಫ್ಟ್ ಮುಗಿಸಿ ಬಂದು ಗ್ರೀಸ್ ಕೈಯಲ್ಲೇ ಮೌಸ್ ಹಿಡಿಯುತ್ತಾನೆ, ಮಹಾರಾಯ. ಬೀಟ್ ಎಲ್ಲ ಅವನದು. ಸಾಹಿತ್ಯ ನನ್ನದು, ರಘುನಂದನನದು. ರಘು ಬರೆದ ಮೂರನೇ ಹಾಡು ಇನ್ನೂ ಎರಡು ಸಾಲು ಉದ್ದ. ಕತ್ತರಿಸು ಎಂದರೆ ಮುಖ ಊದಿಸಿಕೊಳ್ಳುತ್ತಾನೆ.
ಏಳು ಹಾಡು. ನಮ್ಮ ಮೊದಲನೇ ಆಲ್ಬಮ್. ಆರನೆಯದರ ನಡುವೆ ಹದಿನಾರು ಸೆಕೆಂಡ್ ಖಾಲಿ. "ಅಲ್ಲಿಗೊಂದು ವಾಯ್ಸ್ ಬೇಕು ಕಣ್ಲಾ ಅಶ್ಫಾಕ್. ನಮ್ ಥರದ್ದಲ್ಲ. ಊರಿಂದು," ಎಂದ ಜೀಶಾನ್.
ಅಂಥದ್ದೊಂದು ನನಗೆ ಗೊತ್ತಿತ್ತು. ಬಾಯಿ ಬಿಡಲಿಲ್ಲ.

14 ಜನವರಿ, ಭಾನುವಾರ
ಅಬ್ಬಾ ನಮಾಜ್‌ಗೆ ಹೋದಾಗ ಅವರ ಡಬ್ಬಿಯಿಂದ ಒಂದು ಕ್ಯಾಸೆಟ್ ತೆಗೆದೆ. ಮೇಲೆ ಅವರ ಕೈಬರಹ: 'ಗುಬ್ಬಿ, ಸೀರೆ ಸೇಲ್'.
ಅಬ್ಬಾದು ಪ್ರಚಾರದ ಆಟೊ. ಮೇಲೆ ಎರಡು ಹಾರ್ನ್ ಸ್ಪೀಕರ್, ಒಳಗೆ ಮೈಕು. ತುಮಕೂರು, ಗುಬ್ಬಿ, ಕುಣಿಗಲ್ — ಇಪ್ಪತ್ತೆರಡು ವರ್ಷದಿಂದ ಸೀರೆ ಸೇಲ್, ಸರ್ಕಸ್, ನೀರು ಬರಲ್ಲ, ಕರೆಂಟ್ ಇರಲ್ಲ. ಕಾಲೇಜ್ ಗೇಟಿನ ಮುಂದೆ ಆಟೊ ಬಂದರೆ ನಾನು ಟಾಯ್ಲೆಟ್ಟಿಗೆ ಓಡುತ್ತಿದ್ದೆ. ಜೀಶಾನ್‌ಗೂ ರಘುಗೂ ಹೇಳಿರುವುದು ಬೇರೆ: ನಮ್ಮಬ್ಬಾದು ಎಲೆಕ್ಟ್ರಿಕಲ್ ಅಂಗಡಿ. ಇಬ್ಬರನ್ನೂ ಮನೆಗೆ ಕರೆದಿಲ್ಲ. ಗೆಳೆತನಕ್ಕೆ ಎರಡು ವರ್ಷ ಆಯಿತು.
ಜೀಶಾನ್ ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಹಾಕಿದ. 'ಮಹಾಜನಗಳೇ, ಇನ್ನು ಮೂರೇ ದಿನ, ಮೂರೇ ಮೂರು ದಿನ…' ಬೀಟಿನ ಮೇಲೆ ಕೂತುಬಿಟ್ಟಿತು. ಒಂದು ಕೂದಲೂ ಆಚೀಚೆ ಇಲ್ಲ.
"ಯಾರ್ಲಾ ಈ ವಯ್ಯ? ಏನ್ ಟೈಮಿಂಗ್ ಗುರೂ!"
"ಯಾರೋ ಬೀದೀಲಿ ಕೂಗೋರು. ಹಳೇ ಕ್ಯಾಸೆಟ್. ಸಂತೇಲಿ ಸಿಕ್ತು."
ಎಷ್ಟು ಸಲೀಸಾಗಿ ಬಂತು ಈ ಮಾತು. ಥೂ.

11 ಫೆಬ್ರವರಿ, ಭಾನುವಾರ
ಬೆಂಗಳೂರಿನಿಂದ ಶ್ರೀವಾಣಿ ಮೇಡಂ ಬಂದಿದ್ದರು. ಮ್ಯೂಸಿಕ್ ವೆಬ್‌ಸೈಟ್ ನಡೆಸುತ್ತಾರೆ, ಶೋಗಳನ್ನೂ ಮಾಡಿಸುತ್ತಾರೆ. ಏಳೂ ಹಾಡು ಕೇಳಿದರು. ತಲೆ ಆಡಿಸಿದ್ದು ಒಂದಕ್ಕೇ.
"ಬೇಜಾರ್ ಮಾಡ್ಕೋಬೇಡಿ. ಮಿಕ್ಕಿದ್ರಲ್ಲಿ ನೀವು ಬೇರೆ ಯಾರೋ ಆಗೋಕೆ ಹೋಗಿದೀರ. ಆರನೇದು ಮಾತ್ರ ನಿಮ್ದು. ಇದಕ್ಕೆ ಪೊಟೆನ್ಷಿಯಲ್ ಇದೆ. ಯಾರಿದು, ಕೂಗ್ತಿರೋರು?"
ಜೀಶಾನ್ ನನ್ನ ಮುಖ ನೋಡಿದ. ರಘುವೂ ನೋಡಿದ. ಅಬ್ಬಾ ಅನ್ನುವುದು ಎರಡೇ ಅಕ್ಷರ. ಗಂಟಲವರೆಗೂ ಬಂದಿತ್ತು.
"ಗೊತ್ತಿಲ್ಲ ಮೇಡಂ," ಎಂದೆ.

3 ಮಾರ್ಚ್, ಶನಿವಾರ
ಇದನ್ನು ಬರೆಯದೆ ಇರಲಾರೆ. ಬರೆಯಲೂ ಕೈ ಬರುತ್ತಿಲ್ಲ.
ಸಿ.ಡಿ.ಯೂ ಅದರ ಕವರ್ ಕಾರ್ಡೂ ಪ್ರಿಂಟ್ ಆಗಿ ಬಂದವು. ಮನೆಗೆ ತರಬಾರದಿತ್ತು. ತಂಗಿ ಜೈಬಾ ನನ್ನ ಬ್ಯಾಗಿನಿಂದ ತೆಗೆದು ಅಬ್ಬಾ ಕೈಗೆ ಕೊಟ್ಟಳು. ಅಬ್ಬಾ ಕನ್ನಡಕ ಹಾಕಿಕೊಂಡು ಗಂಟಲು ಸರಿಮಾಡಿಕೊಂಡರು. ಅವರಿಗೆ ಮನಸ್ಸಿನಲ್ಲೇ ಓದಿ ಅಭ್ಯಾಸವಿಲ್ಲ. ಕೈಗೆ ಏನು ಪ್ರಿಂಟ್ ಸಿಕ್ಕಿದರೂ ಮೈಕಿನ ದನಿಯಲ್ಲೇ ಓದುತ್ತಾರೆ, ಪ್ರಚಾರದ ಪಾರ್ಟಿ ಕೊಟ್ಟ ಚೀಟಿಯ ಹಾಗೆ ಒಂದಕ್ಷರ ಬಿಡದೆ. ಬ್ಯಾಂಡಿನ ಹೆಸರು, ಬೀಟ್ ಜೀಶಾನ್, ಸಾಹಿತ್ಯ ಅಶ್ಫಾಕ್ ಮತ್ತು ರಘುನಂದನ. ನನ್ನ ಹೆಸರನ್ನು ಎರಡು ಸಲ ಓದಿದರು. ಅಮ್ಮಿ ನಕ್ಕಳು.
"ಆರನೇ ಹಾಡಿನ ನಡುವಿನ ದನಿ: ಅಪರಿಚಿತ."
ಅಷ್ಟರಲ್ಲಿ ಜೈಬಾ ಸಿ.ಡಿ. ಹಾಕಿ ಸೀದಾ ಆರನೆಯದಕ್ಕೇ ಒತ್ತಿದ್ದಳು. 'ಮಹಾಜನಗಳೇ…'
ಅಮ್ಮಿ ಒಮ್ಮೆ ನನ್ನನ್ನು, ಒಮ್ಮೆ ಅಬ್ಬಾರನ್ನು ನೋಡಿದಳು. ಅಬ್ಬಾ ಹಾಡು ಮುಗಿಯುವವರೆಗೂ ಕೂತಿದ್ದರು. "ಆವತ್ತು ಮೈಕ್ ಚೆನ್ನಾಗಿತ್ತು," ಎಂದರು ಉರ್ದುವಿನಲ್ಲಿ. ಕಾರ್ಡನ್ನು ಕವರಿನೊಳಗೆ ಸರಿಯಾಗಿ ಸೇರಿಸಿಟ್ಟು ಇಳಿಹೊತ್ತಿನ ಅಸರ್ ನಮಾಜ್‌ಗೆ ಎದ್ದು ಹೋದರು.
ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

19 ಮಾರ್ಚ್, ಸೋಮವಾರ
ಹದಿನಾರು ದಿನ. ಅಬ್ಬಾ ಬಯ್ಯಲಿಲ್ಲ, ಮಾತು ಬಿಡಲಿಲ್ಲ, ಊಟಕ್ಕೆ ಕರೆಯುತ್ತಾರೆ. ಕಣ್ಣೆತ್ತಿ ನೋಡಲಾಗದವನು ನಾನೇ.
ಮೇಡಂ ಫೋನ್ ಮಾಡಿದ್ದರು. ಏಪ್ರಿಲ್ 22, ಬೆಂಗಳೂರಿನಲ್ಲಿ ಶೋ. ಷರತ್ತು ಒಂದೇ. "ಆ ದನಿ ಸ್ಟೇಜ್ ಮೇಲೆ ಬರ್ಬೇಕು. ಹುಡುಕಿ. ಸಿಗ್ಲಿಲ್ಲಾಂದ್ರೆ ಬೇರೆ ಬ್ಯಾಂಡ್ ನೋಡ್ತೀನಿ."
ಜೀಶಾನ್ ಶೋಗಾಗಿ ಆಗಲೇ ರಜೆ ಚೀಟಿ ಬರೆಯುತ್ತ ಕೂತಿದ್ದ. ಇನ್ನು ಮುಚ್ಚಿಡಲು ಆಗಲಿಲ್ಲ. "ಅವ್ರು ನಮ್ಮಬ್ಬಾ," ಎಂದೆ.
ರಘು ತಲೆ ತಗ್ಗಿಸಿದ. ಜೀಶಾನ್ ಪೆನ್ನು ಕೆಳಗಿಟ್ಟ. "ಎರಡ್ ವರ್ಷ ಒಂದೇ ತಟ್ಟೇಲಿ ತಿಂದಿದೀವಲ್ಲೋ… ನಿಮ್ಮಬ್ಬಾನ್ನೇ ಬಚ್ಚಿಟ್ಟಿದ್ಯಾ?" ಪೆನ್ನನ್ನು ಮತ್ತೆ ಎತ್ತಿಕೊಂಡು ಅವನೇ, "ನಮ್ಗ್ ಹೇಳಿ ಏನ್ ಬಂತು? ಹೋಗಿ ಅವರ್ನ ಕೇಳು," ಎಂದ.

20 ಮಾರ್ಚ್, ಸಂಜೆ 5.30
ಅಬ್ಬಾ ಆಟೊ ತೊಳೆಯುತ್ತಿದ್ದರು. ಹೋಗಿ ನಿಂತೆ. ಕಲಿತುಕೊಂಡು ಹೋಗಿದ್ದ ಮಾಫಿ ಕೇಳುವ ಮಾತೆಲ್ಲ ಮರೆತುಹೋಯಿತು. ಬರೀ ಶೋ ವಿಷಯ ಒದರಿದೆ.
ಕೈ ಒರೆಸಿಕೊಂಡರು. ಸೀಟಿನ ಕೆಳಗಿನಿಂದ ಚಿಕ್ಕ ನೋಟ್‌ಬುಕ್ ತೆಗೆದರು. ಪಾರ್ಟಿಗಳು ಬಂದಾಗ ಕೂಗಬೇಕಾದ ಮ್ಯಾಟರ್ ಬರೆದುಕೊಳ್ಳುವ ನೋಟ್‌ಬುಕ್ಕು. ಪೆನ್ಸಿಲ್ಲಿಗೆ ಎಂಜಲು ಮುಟ್ಟಿಸಿಕೊಂಡು ಮಾತಿಗೆ ತೊಡಗಿದರು. ಕನ್ನಡದಲ್ಲಿ. ನನ್ನ ಜೊತೆ ಅವರು ಎಂದೂ ಕನ್ನಡ ಆಡಿದವರಲ್ಲ.
"ಯಾವತ್ತು? ಎಲ್ಲಿ? ಎಷ್ಟೊತ್ತಿಗೆ?"
ಹೇಳಿದೆ. ಬರೆದುಕೊಂಡರು.
"ಸ್ಟೇಜಿಗೆ ಕರೆಯೋವಾಗ ನನ್ನ ಏನಂತ ಕೂಗ್ತೀರಿ? ಕಾರ್ಡಲ್ಲಿ ಹಾಕ್ಸಿದೀರಲ್ಲ, ಅದನ್ನೇ ಕೂಗಿದ್ರೂ ಸರಿ. ನಂಗೇನಿಲ್ಲ, ಬರ್ತೀನಿ. ನೀವು ಹೇಳ್ದಂಗೆ."
ಕೂಗ್ತೀರಿ. ಹಾಕ್ಸಿದೀರಿ. ನನಗೆ. ಅಬ್ಬಾ ನನಗೆ 'ನೀವು' ಅಂದರು.
ವ್ಯಂಗ್ಯವಿರಲಿಲ್ಲ. ಸಿಟ್ಟೂ ಇರಲಿಲ್ಲ. ಬರೆದುಕೊಳ್ಳಲು ಕಾಯುತ್ತಿದ್ದರು, ಅಷ್ಟೆ. ಏಜಾಜ್ ಅಹಮದ್, ನಮ್ಮ ತಂದೆ — ಇಷ್ಟು ಹೇಳಿದ್ದರೆ ಸಾಕಿತ್ತು. ಬಾಯಿ ತೆಗೆದೆ. ಆಗ ನನ್ನ ಬಾಯಿಂದ ಬಂದದ್ದು ಎರಡೇ ಅಕ್ಷರ: "ಅಬ್ಬಾ." ಅವರು ಅದನ್ನೇ, ಒಂದಕ್ಷರ ಬಿಡದೆ, ಬರೆದುಕೊಂಡರು.