ಬರಿಗೈ ನಿಯಮ ಮತ್ತು ನನ್ನ ವಾಚು

ನನ್ನ ಜಗಳಗಂಟ ಅಪ್ಪನಿಗೆ, ನಿನ್ನಷ್ಟೇ ಜಗಳಗಂಟಿ ಮಗಳು ಬರೆಯುವುದು,

ಪಾಲಿಶ್ ಮಷೀನಿನ ಮುಂದೆ ನಾನು ಮೊದಲ ಸಲ ನಿಂತ ದಿನ ನೀನು ನನ್ನ ಎರಡೂ ಕೈ ತಿರುಗಿಸಿ ನೋಡಿದ್ದೆ. ಬಳೆ, ದಾರ, ಗಡಿಯಾರ ಎಲ್ಲ ಬಿಚ್ಚಿಸಿ ಗೋಡೆಯ ಮೊಳೆಗೆ ತೂಗುಹಾಕಿಸಿದೆ. ಉಂಗುರದ ಸಮೇತ ಮಷೀನು ಎಳೆದುಕೊಂಡ ನಿನ್ನ ಬೆರಳಿನ ಮೋಟು ತೋರಿಸಿ, "ಮಷೀನ್ ಮುಂದ ಕೈ ಖಾಲಿ ಇರಬೇಕವ್ವ" ಎಂದಿದ್ದೆ. ಶಹಾಬಾದಿನ ನಮ್ಮ, ನೆಲಕ್ಕೆ ಹಾಸುವ ಫರಸಿ ಕಲ್ಲಿನ ಕಾರ್ಖಾನೆಯಲ್ಲಿ ಇವತ್ತಿಗೂ ಅದೇ ನಿಯಮ. ಆದರೂ ನಾನೊಂದು ಸ್ಮಾರ್ಟ್‌ವಾಚ್ ಕೊಂಡಿದ್ದೇನೆ. ಬೈಯುವುದಿದ್ದರೆ ಪೂರ್ತಿ ಓದಿ ಬೈ.

ನೀನು ಕಲ್ಲು ನೋಡಲೆಂದು ರಾವೂರಿನ ಖಣಿಗೆ ಹೋದ ಆ ಬೆಳಗ್ಗೆ ನನಗೆ ನಾಲ್ಕು ಸಲ ಫೋನ್ ಮಾಡಿದ್ದೆ. ನನ್ನ ಫೋನು ಬುತ್ತಿಯ ಚೀಲದಲ್ಲಿತ್ತು, ನಾನು ಮಷೀನಿನ ಸದ್ದಿನಲ್ಲಿದ್ದೆ. ಊಟಕ್ಕೆ ಕೂತಾಗ ನೋಡಿ ತಿರುಗಿ ಮಾಡಿದರೆ ಎತ್ತಿದವರು ಬೇರೆ ಯಾರೋ. ಎದೆ ಹಿಡಿದುಕೊಂಡು ಕೂತ ನೀನು ಮತ್ತೆ ಏಳಲೇ ಇಲ್ಲವಂತೆ. ನನ್ನದೇನೂ ತಪ್ಪಿಲ್ಲ ಎಂದು ಎಲ್ಲರೂ ಹೇಳುತ್ತಾರೆ. ಆ ಸಮಾಧಾನ ನನಗೆ ಬೇಡ. ಈಗ ಅವ್ವ ದಿನಾ ಸಕ್ಕರೆ ಕಾಯಿಲೆಗೆ ಇಂಜೆಕ್ಷನ್ ತಗೊಳ್ಳುತ್ತಾಳೆ. ಒಮ್ಮೊಮ್ಮೆ ಸಕ್ಕರೆ ಇಳಿದು ಬೆವತು ಕುಸಿಯುತ್ತಾಳೆ. ಅವಳ ಕರೆಯೂ ಚೀಲದೊಳಗೇ ಬಡಿದುಕೊಂಡು ಸುಮ್ಮನಾಗಬೇಕೇ?

ವಾಡಿ ಊರಿನ ವಾಚಿನ ಅಂಗಡಿಯವನು ಮೊದಲು ತೆಗೆದದ್ದು ಬಂಗಾರದ ಬಣ್ಣದ ಪಟ್ಟಿಯದು. "ದಿನಾ ಎಷ್ಟ್ ನಡಿತೀರಿ ಅಂತ ತೋರಸ್ತದ್ರಿ, ಎಷ್ಟ್ ನಿದ್ದಿ ಮಾಡ್ತೀರಿ ಅದೂ ತೋರಸ್ತದ್ರಿ" ಎಂದ.

"ಅದು ನನ್ ಕಾಲಿಗಿ, ಕಣ್ಣಿಗಿ ಗೊತ್ತದರಿ. ನೀರು, ಕಲ್ಲಿನ ಪುಡಿ ತಡಿತದೇನು? ಫೋನ್ ಬಂದ್ರ ಜೋರ್ ನಡಗತದೇನು? ಅಷ್ಟ ಹೇಳ್ರಿ" ಎಂದೆ. ಒಮ್ಮೆ ಚಾರ್ಜ್ ಮಾಡಿದರೆ ವಾರ ಬರಬೇಕು, ಅವ್ವನ ನಂಬರಿಗೆ ಬಿಟ್ಟು ಬೇರೆ ಯಾರಿಗೂ ಅಲುಗಬಾರದು ಎಂದೂ ಹೇಳಿದೆ. ಫೋನನ್ನು ಅಂಗಡಿಯಲ್ಲೇ ಬಿಟ್ಟು, ವಾಚನ್ನು ಮೊಣಕೈಗಿಂತ ಮೇಲೆ, ತೋಳಿಗೆ ಕಟ್ಟಿಕೊಂಡು, ಬೀದಿಯ ಆಚೆ ನಿಂತು ಅವನಿಂದ ಕರೆ ಮಾಡಿಸಿದೆ. ಎರಡು ವಾಚು ಸುಮ್ಮನಿದ್ದವು. ಮೂರನೆಯದು ನಡುಗಿತು. ನೋಡಲು ಕರ್ರಗೆ, ದಪ್ಪಗೆ, ಚಂದವೇನಿಲ್ಲ.

"ತೋಳಿಗಿ ಕಟ್ಟಿದ್ರ ಎದಿ ಬಡಿತ ಸರಿ ತೋರ್ಸಲ್ರಿ" ಎಂದು ಅವನು ನಕ್ಕ.

"ತೋರ್ಸದಿದ್ರ ಬಿಡ್ಲಿ. ನಮ್ಮವ್ವನ ಫೋನ್ ತಪ್ಪಬಾರದು" ಎಂದು ಅದನ್ನೇ ಉದ್ದ ಪಟ್ಟಿ ಹಾಕಿಸಿಕೊಂಡು ತಂದೆ.

ಮರುದಿನ ಕಾಕಾ ನನ್ನ ತೋಳಿನ ಉಬ್ಬು ನೋಡಿ ಮಷೀನಿನ ಮುಂದೆ ತಡೆದರು. ನೀನು ಹೋದ ಮೇಲೆ ಕೆಲಸ ನೋಡಿಕೊಳ್ಳುವವರು ಅವರೇ. "ಅಣ್ಣ ಹೇಳಿದ್ದು ಮರ್ತಿ ಏನು? ತೆಗಿ ಅದನ್ನ" ಎಂದರು. ನಾನು ಎರಡೂ ಮುಂಗೈ ಚಾಚಿ ತೋರಿಸಿದೆ. ಸೀರೆಯ ಮೇಲೆ ಹಾಕಿಕೊಳ್ಳುವ, ಗುಂಡಿ ಬಿಗಿದ ಶರ್ಟಿನ ತೋಳಿನೊಳಗೆ ವಾಚು ಮೊಣಕೈಗಿಂತ ಮೇಲೆ ಕೂತಿತ್ತು. "ಕೈ ಖಾಲಿ ಅದರಿ ಕಾಕಾ. ಮೊದ್ಲ ನಿಮ್ ಕೈಯಾಗಿನ ದಾರ ತೆಗೀರಿ" ಎಂದೆ. ಹರಕೆಯ ದಾರವೆಂದು ಒಂದು ವರ್ಷದಿಂದ ಅವರು ಅದನ್ನು ಬಿಚ್ಚಿರಲಿಲ್ಲ. ಅವತ್ತು ಬಿಚ್ಚಿ ಮೊಳೆಗೆ ಹಾಕಿದರು.

ಮೊನ್ನೆ ತೋಳು ಒಮ್ಮೆಲೇ ನಡುಗಿತು. ಮಷೀನು ನಿಲ್ಲಿಸಿ, ಚೀಲದಿಂದ ಫೋನ್ ಕಿತ್ತುಕೊಂಡು ಹೊರಗೆ ಓಡಿದೆ.

"ಪುಂಡಿಪಲ್ಯಕ್ಕ ಉಪ್ಪ ಹಾಕಿಯೇನವ್ವ?" ಎಂದಳು ಅವ್ವ.

ಉಪ್ಪು ಹಾಕಿದ್ದೇನೆ ಎಂದೆ. ಒಳಗೆ ಬಂದರೆ ಮಾತು ಕೇಳಿಸಿಕೊಂಡಿದ್ದ ಕಾಕಾ ಕಾದು ನಿಂತಿದ್ದರು. "ಉಪ್ಪಿನ ಸಲುವಾಗಿ ಮಷೀನ್ ಬಂದ್ ಮಾಡ್ದಿ?"

"ಹೌದ್ರಿ. ನಾಳೀಗೂ ಮಾಡ್ತೀನಿ."

ಮಾಡಿಯೇ ಮಾಡುತ್ತೇನೆ ಅಪ್ಪಾ, ಯಾರು ಏನೇ ಅನ್ನಲಿ. ನೀನು ಅವತ್ತು ನನಗೆ ಏನು ಹೇಳಬೇಕೆಂದಿದ್ದೆ? ನೋಯುತ್ತಿದೆ ಎಂದೋ, ಇಲ್ಲ ಕಲ್ಲು ಚಲೋ ಬಂದಿದೆ ಎಂದೋ? ಬರೀ ಉಪ್ಪಿನ ಮಾತಾಗಿದ್ದರೂ ನಾನು ಕೇಳಬೇಕಿತ್ತು.