ಯಾರೂ ಬಿತ್ತದ ಮಿಣಕಿಹಣ್ಣು

ತಾವರಗೇರಾ
ಬಹುಧಾನ್ಯ ಸಂವತ್ಸರ, ಮಾರ್ಗಶಿರ ಬಹುಳ ಪಂಚಮಿ, ಸೋಮವಾರ

ಪೂಜ್ಯ ಯಜಮಾನರ ಪಾದಗಳಿಗೆ ನಿಮ್ಮ ಪಾರ್ವತಿಯ ಶರಣಾರ್ಥಿಗಳು.

ಪತ್ರದ ಮೊದಲ ಸಾಲಿನಲ್ಲಿ ‘ಇಲ್ಲಿ ನಾವೆಲ್ಲರೂ ಸುಖವಾಗಿದ್ದೇವೆ’ ಎಂದು ಬರೆಯಬೇಕು. ಮದುವೆಯಾದ ಹೊಸತರಲ್ಲಿ ನನಗೆ ಅಕ್ಷರ ಕಲಿಸುವಾಗ ನೀವೇ ಹಾಗೆ ಹೇಳಿಕೊಟ್ಟಿರಿ. ಆದರೆ ಈ ಸಲ ನೀವು ಕೇಳಿ ಕಳಿಸಿದ್ದೇ ಆ ಒಂದು ಸಾಲನ್ನು. ಹೀಗಾಗಿ ರೂಢಿಗೆಂದು ಬರೆದುಬಿಡಲು ಕೈ ಬರಲಿಲ್ಲ. ಅತ್ತೆಯವರು ಗಟ್ಟಿಯಾಗಿದ್ದಾರೆ. ಕೆಂಪು ಎತ್ತಿನ ಕಾಲುನೋವು ಹೋಗಿದೆ. ಹಿಂಗಾರಿ ಮಳೆ ಈ ವರ್ಷ ಮೋಸ ಮಾಡಲಿಲ್ಲ, ಜೋಳ ಎದೆಯುದ್ದ ನಿಂತಿದೆ. ಇಷ್ಟನ್ನು ಮಾತ್ರ ಆಣೆ ಮಾಡಿ ಬರೆಯಬಲ್ಲೆ.

ನಿಮ್ಮ ಪತ್ರವನ್ನು ಶಬ್ಬೀರಸಾಬ ಶುಕ್ರವಾರ ತಂದುಕೊಟ್ಟ. ಅಕ್ಕಿ ತರಲು ಗಂಗಾವತಿಗೆ ಬಂಡಿ ಕಟ್ಟಿಕೊಂಡು ಹೋಗಿದ್ದವನು ನಿಮ್ಮನ್ನು ನೋಡಲೆಂದೇ ಆನೆಗೊಂದಿಯವರೆಗೆ ಹೋಗಿ ಬಂದನಂತೆ. ಹೊಳೆಯ ದಂಡೆ, ಬಂಡೆಗಳ ನಡುವಿನ ಮಠ, ಬುಟ್ಟಿಯಂತೆ ದುಂಡಗೆ ತಿರುಗುತ್ತ ಹೋಗುವ ಹರಿಗೋಲು, ಎಲ್ಲವನ್ನೂ ಕಟ್ಟೆಯ ಮೇಲೆ ಕುಳಿತು ವರ್ಣಿಸಿದ. ನೀವು ತೆಳ್ಳಗಾಗಿದ್ದೀರಿ, ಗಡ್ಡ ಬಿಟ್ಟಿದ್ದೀರಿ ಎಂದ. ಗಡ್ಡ ನಿಮಗೆ ಒಪ್ಪುವುದಿಲ್ಲ. ನಾಳೆ ಅವನು ಮತ್ತೆ ಹೊರಡುತ್ತಾನೆ, ಅವನ ಕೈಯಲ್ಲೇ ಈ ಉತ್ತರ ಬರುತ್ತದೆ.

ಹೆಂಡತಿ ದುಃಖದಲ್ಲಿದ್ದರೆ ಕಾವಿ ಕೊಡಲಾರೆ ಎಂದು ನಿಮ್ಮ ಗುರುಗಳು ಹೇಳಿದ್ದಾರೆಂದು ಬರೆದಿದ್ದೀರಿ. ನಾನು ಸುಖವಾಗಿದ್ದೇನೆಂದು ನನ್ನ ಕೈಯಿಂದಲೇ ಬರೆದುಕೊಟ್ಟರೆ ಎಳ್ಳಮವಾಸ್ಯೆಯ ಮರುದಿನ ದೀಕ್ಷೆ, ಇಲ್ಲವಾದರೆ ಗಂಟು ಕಟ್ಟಿಕೊಂಡು ಮನೆಗೆ. ಗುರುಗಳು ಒಳ್ಳೆಯವರೇ ಇರಬೇಕು, ಇಲ್ಲದಿದ್ದರೆ ಹೆಂಡತಿಯನ್ನು ಯಾರು ಕೇಳುತ್ತಾರೆ? ಆದರೆ ಅವರು ಇಡೀ ಭಾರವನ್ನು ತಂದು ನನ್ನ ಲೇಖಣಿಯ ತುದಿಗೆ ಕಟ್ಟಿದರು. ಹೂಂ ಎಂದರೆ ನೀವು ಇನ್ನು ಬರುವುದಿಲ್ಲ. ಇಲ್ಲ ಎಂದರೆ ಬರುತ್ತೀರಿ, ಹಗ್ಗ ಹಿಡಿದು ಎಳೆದು ತಂದ ಕರುವಿನಂತೆ.

ಪತ್ರವನ್ನು ಅತ್ತೆಯವರಿಗೆ ಓದಿ ಹೇಳಿದೆ. ಅವರು, “ಅಳಾಕ ಹತ್ತೇನಿ ಅಂತ ಬರಿ. ಉಣ್ಣಾಕ ಜ್ವಾಳ ಇಲ್ಲ ಅಂತ ಬರಿ. ಬೇಕಾದ್ರ ಅತ್ತಿ ಹೊಡಿತಾಳಂತ ಬರಿ, ನಾ ಏನೂ ಅನ್ನಂಗಿಲ್ಲ. ನಮ್ಮ ಈಶಪ್ಪ ಮನಿಗಿ ಬಂದ್ರ ಸಾಕು” ಎಂದರು. ನನಗೆ ಈವರೆಗೆ ಒಂದು ಏಟೂ ಹೊಡೆಯದ ಅತ್ತೆ ಗುರುಲಿಂಗಮ್ಮ, ಮಗನಿಗಾಗಿ ಊರಿನ ಕೆಟ್ಟ ಅತ್ತೆಯಾಗಲೂ ತಯಾರಾದರು! ನನಗೆ ನಗು ಬಂದುಬಿಟ್ಟಿತು, ಅವರಿಗೂ ಬಂತು. ಆಮೇಲೆ ಕಣ್ಣೊರೆಸಿಕೊಳ್ಳುತ್ತ, “ಬಗಲಾಗ ಕೂಸು ಇಟಗೊಂಡು ಊರೆಲ್ಲಾ...” ಎಂದವರು ಅರ್ಧಕ್ಕೇ ನುಂಗಿ ಒಲೆಯ ಕಡೆ ತಿರುಗಿದರು. ನಮ್ಮ ಮನೆಯಲ್ಲಿ ಈಗ ಆ ಗಾದೆಯನ್ನು ಯಾರೂ ಪೂರ್ತಿ ಹೇಳುವುದಿಲ್ಲ.

ಏನು ಬರೆಯಬೇಕೆಂದು ತಿಳಿಯದೆ ಮರುದಿನ ನಸುಕಿನಲ್ಲೇ ಹೊಲಕ್ಕೆ ಹೋದೆ. ಕಾಸೀಮಬೀ ಜೊತೆಗಿದ್ದಳು, ಕಡಲೆಯ ಕುಡಿ ಚಿವುಟಲು ಅವಳು ಈಗ ನಮ್ಮಲ್ಲಿಗೇ ಬರುತ್ತಾಳೆ. ಹಿಂದಿನ ಸಂಜೆ ಕಡಲೆ ಗಿಡಗಳ ಮೇಲೆ ಬಿಳಿ ಅರಿವೆ ಹಾಸಿ ಬಂದಿದ್ದೆವು. ಇಬ್ಬನಿಯೊಂದಿಗೆ ಗಿಡದ ಹುಳಿಯೂ ಅರಿವೆಗೆ ಇಳಿದಿರುತ್ತದೆ, ಹಿಂಡಿ ಶೀಶೆಯಲ್ಲಿಟ್ಟರೆ ವರ್ಷವಿಡೀ ಹೊಟ್ಟೆನೋವಿಗೆ ಮದ್ದು. ನಿಮಗೆ ಗೊತ್ತಿರುವುದೇ. ಆ ದಿನ ಮಂಜು ಎಷ್ಟಿತ್ತೆಂದರೆ ಹೊಲದ ಆಚೆ ಊರಿದೆ ಎಂಬುದೇ ಮರೆತುಹೋಗಿತ್ತು. ಕುಸುಬೆಯ ಹೂವು ಮಾತ್ರ ಅಲ್ಲಲ್ಲಿ ಕೆಂಪಗೆ ಕಾಣುತ್ತಿತ್ತು. ಕಾಸೀಮಬೀ ನಾಲ್ಕು ಹೆಜ್ಜೆ ಆಚೆ ಹೋದರೆ ಅವಳ ಬಳೆಯ ಸದ್ದಷ್ಟೇ ಉಳಿಯುತ್ತಿತ್ತು. ಅರಿವೆ ಹಿಂಡುತ್ತ ನಿಂತಾಗ ನನಗೆ ಏನೋ ಒಂದು ಆಯಿತು. ಅದನ್ನು ಆಮೇಲೆ ಬರೆಯುತ್ತೇನೆ, ಈಗ ಧೈರ್ಯವಿಲ್ಲ.

ಅಲ್ಲೇ ಬದುವಿನ ಹುಲ್ಲಿನಲ್ಲಿ ಒಂದು ಮಿಣಕಿಹಣ್ಣು ಸಿಕ್ಕಿತು. ಕಾಲ ಮೀರಿ ಉಳಿದದ್ದು, ಬಳ್ಳಿ ಒಣಗಿ ಹೋಗಿತ್ತು. ಕಣ್ಣಿಗೆ ಬೀಳುವ ಮೊದಲು ವಾಸನೆ ಬಂತು. ಆ ವಾಸನೆಗೆ ಎಲ್ಲವೂ ನೆನಪಾಯಿತು.

ನಾನು ಬಸುರಿಯಾಗಿದ್ದ ವರ್ಷ ಏನು ತಿಂದರೂ ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ. ಒಂದು ಸಂಜೆ ನೀವು ಹೊಲದಿಂದ ಬಂದು ಧೋತರದ ಗಂಟು ಬಿಚ್ಚಿ ಒಂದು ಮಿಣಕಿಹಣ್ಣು ಕೊಟ್ಟಿರಿ. ಲಿಂಬೆಗಿಂತ ತುಸು ದೊಡ್ಡದು, ಹಳದಿ ಮೈ. ನಿಂತಲ್ಲೇ ತಿಂದೆ, ಸಿಪ್ಪೆಯನ್ನೂ ಬಿಡಲಿಲ್ಲ. ಆ ಹಣ್ಣನ್ನು ಯಾರೂ ಬಿತ್ತುವುದಿಲ್ಲ. ಜೋಳದ ಸಾಲಿನಲ್ಲಿ ತಾನೇ ಹುಟ್ಟಿ, ಕಳೆ ಕೀಳುವ ಕೈಗೆ ತಾನೇ ಸಿಗುತ್ತದೆ. ಹುಡುಕಿಕೊಂಡು ಹೋದರೆ ಇಡೀ ಹೊಲ ಸುತ್ತಿದರೂ ಸಿಗುವುದಿಲ್ಲ. ಮರುದಿನ ನೀವು ಹುಡುಕಿಕೊಂಡು ಹೋಗಿ ಬರಿಗೈಯಲ್ಲಿ ಬಂದಿರಿ.

ಕೂಸು ಶಿವರಾತ್ರಿಯ ಹೊತ್ತಿಗೆ ಬಂತು, ಯುಗಾದಿ ಕಳೆದ ಮೇಲೆ ಹೋಯಿತು. ನಿದ್ದೆಯಲ್ಲಿ ನಗುತ್ತಿತ್ತು. ಶೆಟಿಗೆವ್ವ ಬಂದು ನಗಿಸುತ್ತಾಳೆ ಎಂದು ಅತ್ತೆಯವರು ಹೇಳುತ್ತಿದ್ದರು. ಹಣೆಬರಹ ಬರೆಯುವವಳೇ ನಗಿಸಲು ಬರುವುದೆಂದರೆ ಏನು ಅರ್ಥ, ನನಗೆ ಈಗಲೂ ತಿಳಿದಿಲ್ಲ.

ಅಲ್ಲಿಂದ ನಿಮ್ಮ ಪ್ರಶ್ನೆ ಶುರುವಾಯಿತು. ಸಂಜೆ ಕೈಕಾಲು ತೊಳೆದು ಬಂದವರೇ ನನ್ನೆದುರು ಕುಳಿತು, “ಪಾರ್ವತಿ, ಇವತ್ತರ ಮನಸಿಗಿ ಸುಖ ಐತೇನು?” ಎಂದು ಕೇಳುತ್ತಿದ್ದಿರಿ. ಹೂಂ ಎಂದರೆ ನಂಬುತ್ತಿರಲಿಲ್ಲ. ಇಲ್ಲ ಎಂದರೆ ರೊಟ್ಟಿಯನ್ನು ಮುಟ್ಟದೆ ಏಳುತ್ತಿದ್ದಿರಿ. ನಾನು ಅತ್ತರೆ ನಿಮ್ಮ ಕೈಯಲ್ಲಿ ಏನೋ ಒಡೆದುಹೋದಂತೆ ಗಾಬರಿಯಾಗುತ್ತಿದ್ದಿರಿ. ಅದಕ್ಕೆ ನಾನು ಅಳುವುದನ್ನೇ ಬಿಟ್ಟೆ. ನೀವು ನಿಮ್ಮ ಅಳುವನ್ನು ನನ್ನಿಂದ ಮುಚ್ಚಿಟ್ಟಿರಿ. ಒಂದೇ ಕೂಸಿನ ತಂದೆತಾಯಿ ಒಬ್ಬರ ಮುಂದೊಬ್ಬರು ನಗುವಿನ ಸೋಗು ಹಾಕಿಕೊಂಡು ಕುಳಿತೆವು.

ಆ ಮುಂಗಾರಿಗೆ ನೀವು ಊರೂರು ತಿರುಗಿ ಮಿಣಕಿಬೀಜ ಕೂಡಿಸಿ ತಂದಿರಿ. ಹಳ್ಳದ ದಂಡೆಯ ಪಟ್ಟಿಯಲ್ಲಿ ಕೂರಿಗೆ ಹೂಡಿ, ಜೋಳ ಬಿತ್ತಿದಂತೆಯೇ ಸಾಲು ಹಿಡಿದು ಬಿತ್ತಿದಿರಿ. ಊರಿಗೆ ನಗುವುದಕ್ಕೆ ಅಷ್ಟು ಸಾಕಾಯಿತು. “ಈಶಪ್ಪ ಕಳಿ ಬಿತ್ಯಾನ, ಇನ್ನ ಜ್ವಾಳ ಕಿತ್ತ ಒಗಿತಾನೇನು ನೋಡ್ರಿ” ಎಂದು ಅಗಸೆ ಬಾಗಿಲಲ್ಲಿ ಆಡಿಕೊಂಡರು. ಬಳ್ಳಿ ಚೆನ್ನಾಗಿ ಹಬ್ಬಿತು, ಮೈತುಂಬ ಕಾಯಿ ಬಿಟ್ಟಿತು, ಹಣ್ಣಾಯಿತು. ಎಲ್ಲವೂ ಕಹಿ. ನೀವು ಒಂದೊಂದನ್ನೇ ಕಚ್ಚಿ ಉಗುಳುತ್ತ ಸಾಲಿನ ಕೊನೆಯವರೆಗೂ ಹೋದಿರಿ, ಒಂದಾದರೂ ಸಿಹಿ ಇದ್ದೀತೆಂದು. ನಾನು ಬದುವಿನ ಮೇಲೆ ನಿಂತು ನೋಡಿದೆ. ಅಂದು ನಿಮ್ಮ ಮೇಲೆ ಬಂದಂಥ ಮಮತೆ ನನಗೆ ಮದುವೆಯ ಚಪ್ಪರದಲ್ಲೂ ಬಂದಿರಲಿಲ್ಲ. ಗಂಡನಿಗೆ ಇಂಥದ್ದನ್ನು ಬಾಯಿಬಿಟ್ಟು ಹೇಳುವ ರೂಢಿ ನಮ್ಮಲ್ಲಿಲ್ಲವಲ್ಲ, ಈಗ ಕಾಗದಕ್ಕೆ ಹೇಳುತ್ತಿದ್ದೇನೆ.

ಎಳ್ಳಮವಾಸ್ಯೆ ಮುಗಿಸಿ ಹೊಳೆಯಲ್ಲಿ ಮಿಂದು ಬರುತ್ತೇನೆಂದು ಹೋದವರು ಅಲ್ಲೇ ಉಳಿದಿರಿ. ನಾನು ಆ ಹೊಳೆಯನ್ನು ನೋಡಿಲ್ಲ, ಆದರೆ ಕನಸಿನಲ್ಲಿ ಅದು ನಮ್ಮ ಹೊಲಕ್ಕೇ ಬರುತ್ತದೆ. ಜೋಳದ ಸಾಲುಗಳ ನಡುವೆ ನೀರು ಸದ್ದಿಲ್ಲದೆ ಹರಿಯುತ್ತದೆ. ಮೊನ್ನೆಯಿಂದ ಶಬ್ಬೀರಸಾಬ ಹೇಳಿದ ಹರಿಗೋಲೂ ದುಂಡಗೆ ತಿರುಗುತ್ತ ಬರುತ್ತದೆ, ಅದರಲ್ಲಿ ಕೂಸು ಮಲಗಿ ನಗುತ್ತಿರುತ್ತದೆ. ಈ ದಂಡೆಯಲ್ಲಿ ನಾನು, ಆ ದಂಡೆಯಲ್ಲಿ ನೀವು. ನಾನು ಕೈ ಮಾಡಿ ತೋರಿಸುತ್ತೇನೆ. ನೀವು ಕಣ್ಣು ಮುಚ್ಚಿ ಜಪ ಮಾಡುತ್ತಿರುತ್ತೀರಿ, ನೋಡುವುದಿಲ್ಲ. ಎಚ್ಚರವಾದಾಗ ನನಗೆ ನಿಮ್ಮ ಮೇಲೆ ಸಿಟ್ಟು ಬಂದಿರುತ್ತದೆ. ಒಲೆ ಹಚ್ಚುವವರೆಗೂ ಇರುತ್ತದೆ.

ನೀವು ಅಲ್ಲಿ ನಿತ್ಯಸುಖ ಸಿಗುತ್ತದೆ ಎಂದು ಬರೆದಿದ್ದೀರಿ. ಸಿಗಲಿ, ನಾನು ಹೊಟ್ಟೆಕಿಚ್ಚು ಪಡುವವಳಲ್ಲ. ದೇವರು ಕರೆದಿದ್ದಾನೆ, ಹೋಗುತ್ತೇನೆ ಎಂದಿದ್ದರೆ ಕಾಲಿಗೆ ಬಿದ್ದು ಕಳಿಸಿಕೊಡುತ್ತಿದ್ದೆ. ಸುಖಕ್ಕಾಗಿ ಹೋಗುತ್ತೇನೆಂದರೆ, ಅದು ಅಷ್ಟು ದೂರ ನಡೆದು ಹೋಗುವಷ್ಟು ದೊಡ್ಡ ವಸ್ತುವೇ? ನಿಮ್ಮ ಪತ್ರ ಓದುವಾಗ ನನಗೆ ಹಳ್ಳದ ದಂಡೆಯ ಆ ಪಟ್ಟಿಯೇ ಕಣ್ಣಿಗೆ ಕಟ್ಟಿತು. ಮತ್ತೆ ಕೂರಿಗೆ ಹೂಡಿದ್ದೀರಿ. ಹೊಲ ಇರುವುದು ಜೋಳಕ್ಕೆ. ಕಳೆ ಕೀಳುವುದು, ಹಕ್ಕಿ ಕಾಯುವುದು, ಸತ್ತವರನ್ನು ನೆನೆಯುವುದು, ಮುದುಕಿಗೆ ನೀರು ಕಾಸುವುದು, ಇವೆಲ್ಲ ಜೋಳ. ನಡುವೆ ಹಣ್ಣು ಸಿಕ್ಕರೆ ತಿನ್ನೋಣ, ಸಿಗದಿದ್ದರೆ ಹೊಲ ಪಾಳು ಬಿದ್ದಂತಾಗುವುದಿಲ್ಲ.

ಬರುವ ವಾರದ ಬುಧವಾರ ಎಳ್ಳಮವಾಸ್ಯೆ. ಭೂತಾಯಿಗೆ ಎಡೆ ಮಾಡಿ ಹೊಲಕ್ಕೆ ಚರಗ ಚೆಲ್ಲಬೇಕು. ಮುಂದೆ ಹೋಗುವವರು ಅನ್ನ ಚೆಲ್ಲುತ್ತ ‘ಹುಲ್ಲುಲ್ಲಿಗೋ’ ಎಂದು ಕೂಗಬೇಕು, ಹಿಂದೆ ನೀರು ಚಿಮುಕಿಸುತ್ತ ಬರುವವರು ‘ಚಳಂಬ್ರಿಗೋ’ ಎನ್ನಬೇಕು. ಒಬ್ಬರಿಂದ ಆಗುವ ಕೆಲಸವಲ್ಲ. ಅತ್ತೆಯವರು ತಾವೇ ಬರುತ್ತೇನೆ ಎನ್ನುತ್ತಿದ್ದಾರೆ, ಆದರೆ ಅವರ ದನಿ ಒಂದು ಸಾಲು ದಾಟುವುದಿಲ್ಲ.

ಆ ಮಿಣಕಿಹಣ್ಣನ್ನು ಅರಿವೆಯಲ್ಲಿ ಸುತ್ತಿ ಶಬ್ಬೀರಸಾಬನ ಕೈಯಲ್ಲಿ ಕೊಟ್ಟಿದ್ದೇನೆ. ಕಹಿಯೋ ಸಿಹಿಯೋ ನಾನು ಕಚ್ಚಿ ನೋಡಿಲ್ಲ. ನೀವು ಕೇಳಿದ ಸಾಲನ್ನು ಬರೆಯದೆ ಪತ್ರ ಮುಗಿಸುತ್ತಿದ್ದೇನೆ. ಹೆಂಡತಿ ಹೊಲದ ಸುದ್ದಿ ಬರೆದಳೇ ಹೊರತು ಉತ್ತರ ಕೊಡಲಿಲ್ಲ ಎಂದು ಗುರುಗಳಿಗೆ ಹೇಳಿರಿ.

ನಿಮ್ಮ ಪಾದದ ಧೂಳಿ ಎಂದು ಬರೆಯಬೇಕು. ಒಂದು ವರ್ಷದಿಂದ ಆ ಧೂಳಿ ಈ ಅಂಗಳಕ್ಕೆ ಬಿದ್ದಿಲ್ಲವಾದ್ದರಿಂದ, ಬರೀ

ಪಾರ್ವತಿ

ತಾ.ಕ.: ಪತ್ರವನ್ನು ಅಂಟಿಸುವ ಮೊದಲು ಮತ್ತೆ ಬಿಚ್ಚಿದೆ. ಹೊಲದಲ್ಲಿ ಆದದ್ದನ್ನು ಬರೆಯುತ್ತೇನೆಂದು ಹೇಳಿ ಬಿಟ್ಟಿದ್ದೆ. ಅರಿವೆ ಹಿಂಡುತ್ತ ನಾನು ಹಾಡು ಗುನುಗುತ್ತಿದ್ದೆನಂತೆ. ಕಾಸೀಮಬೀ ಮಂಜಿನೊಳಗಿಂದ, “ಏನ್ರೀ ಯವ್ವಾ, ಇವತ್ತ ಭಾಳ ಖುಷಿಲೆ ಅದೀರಿ?” ಎಂದಾಗಲೇ ನನಗೆ ಗೊತ್ತಾದದ್ದು. ಹೌದು, ನಾನು ಸುಖವಾಗಿದ್ದೇನೆ. ಆ ದಿನವೊಂದೇ ಅಲ್ಲ, ಮಳೆಗಾಲದಿಂದ ಇದ್ದೇನೆ. ನಿದ್ದೆ ಬರುತ್ತದೆ, ಉಂಡದ್ದು ಮೈಗೆ ಹತ್ತುತ್ತದೆ, ಸಂಜೆಯಾದರೆ ಎದುರು ಕುಳಿತು ಕೇಳುವವರು ಯಾರೂ ಇಲ್ಲ. ಸುಳ್ಳು ಹೇಳಿ ನಿಮ್ಮನ್ನು ಕರೆಸಿಕೊಳ್ಳಲಾರೆ. ಗುರುಗಳಿಗೆ ಬೇಕಾದ ಸಾಲು ಇದೇ, ನನ್ನ ಕೈಯ ಅಕ್ಷರ, ತೋರಿಸಿರಿ. ಆದರೆ ಆ ಹೊತ್ತಿನಲ್ಲಿ ಒದ್ದೆ ಅರಿವೆಯನ್ನು ಹಿಡಿದುಕೊಂಡೇ ‘ಕಳಕವ್ವಾ’ ಎಂದು ನಮ್ಮ ಕೂಸಿನ ಹೆಸರನ್ನು ಒಂದು ಸಲ ಕೂಗಿದೆ. ಓ ಎನ್ನುವವರು ಇರಲಿಲ್ಲ. ನೀವು ಇದ್ದಿದ್ದರೆ ಅಳುತ್ತಿದ್ದಿರಿ, ನಾನೂ ತಡೆಯದೆ ಅಳುತ್ತಿದ್ದೆ. ನನಗೆ ಅದು ಬೇಕು. ಸುಖ ಸಾಕಾಗಿದೆ. ಮನೆಗೆ ಬನ್ನಿರಿ.