ಹನ್ನೆರಡನೆಯವಳಿಗೊಬ್ಬ ಗಂಡ

ಮಾರ್ಚ್ 3, ಸೋಮವಾರ

ಒಂಬತ್ತನೆಯ ಫಲಕವೂ ಮುಗಿಯಿತು. ಮ್ಯೂಸಿಯಂನ ಹೊಸ ಪ್ರದರ್ಶನ — ಒಂದೇ ಹೆಸರಿನ ಹನ್ನೆರಡು ಹೆಂಗಸರು, ಆರು ಶತಮಾನ. ರಾಣಿ, ವೈದ್ಯೆ, ವಿಮಾನ ಹಾರಿಸಿದವಳು... ಫಲಕಕ್ಕೆ ನಲವತ್ತೇ ಪದ. ಅದರಲ್ಲಿ ಹತ್ತು, ಇಂಥವರ ಮಗಳು ಇಂಥವರ ಹೆಂಡತಿ ಎನ್ನುವುದಕ್ಕೇ ಖರ್ಚು. ಮುಖ್ಯಸ್ಥರ ಕಟ್ಟಪ್ಪಣೆ. ವಿಮಾನದವಳ ಗಂಡನಿಗೆ ಏಣಿ ಹತ್ತಿದರೂ ತಲೆ ಸುತ್ತುತ್ತಿತ್ತಂತೆ. ಆದರೂ ಮೊದಲ ಸಾಲು ಅವನಿಗೇ!

ಮಾರ್ಚ್ 5

ಹನ್ನೆರಡನೆಯವಳು ನನಗೆ ಎಲ್ಲರಿಗಿಂತ ಇಷ್ಟ. ದೋಣಿ ನಡೆಸುತ್ತಿದ್ದವಳು. ಹನ್ನೊಂದು ವರ್ಷ ಬಿದಿರಿನ ಗಳ ಇಳಿಸಿ ಇಳಿಸಿ ಇಡೀ ನದಿಯ ಆಳ ಅಳೆದು ನಕ್ಷೆ ಬರೆದಳು. ಆಮೇಲೆ ನೂರು ವರ್ಷ ಎಲ್ಲ ದೋಣಿಗಳೂ ಅದನ್ನೇ ನಂಬಿದವು. ಮೂಲೆಯಲ್ಲಿ ಸಹಿ — ಬರೀ ಹೆಸರು. ಅಪ್ಪನಿಲ್ಲ, ಗಂಡನಿಲ್ಲ. ಕಂಪ್ಯೂಟರಿನಲ್ಲಿ 'ಸಂಬಂಧ' ಕಾಲಂ ಖಾಲಿ ಬಿಟ್ಟರೆ ಸೇವ್ ಆಗುವುದಿಲ್ಲ. ಮುಖ್ಯಸ್ಥರ ಹತ್ತಿರ ಹೋದೆ. ತಲೆ ಎತ್ತದೆಯೇ ಕೇಳಿದರು.

"ದೋಣಿ ಯಾರದ್ದು?"

"ಒಬ್ಬ ವ್ಯಾಪಾರೀದು ಸರ್. ಇವಳು ಕೂಲಿಗೆ ನಡೆಸ್ತಿದ್ಲು."

"ಅವನನ್ನೇ ಗಂಡ ಅಂತ ಹಾಕಮ್ಮ. ಸತ್ತು ಇನ್ನೂರು ವರ್ಷ ಆಯ್ತು, ಯಾರು ಕೇಳೋಕೆ ಬರ್ತಾರೆ?"

"ಸುಳ್ಳಲ್ವಾ ಸರ್?"

"ಹಾಗಾದ್ರೆ ಅವಳನ್ನ ತೆಗಿ. ಹನ್ನೊಂದು ಸಾಕು."

ಮೈಯೆಲ್ಲ ಉರಿದುಹೋಯಿತು.

ಮಾರ್ಚ್ 6

ಕಾಲಂನಲ್ಲಿ 'ಗೊತ್ತಿಲ್ಲ' ಎಂದು ತುಂಬಿದೆ. ಸೇವ್ ಆಯಿತು. ಅಮ್ಮನಿಗೆ ಹೇಳಿದರೆ ನನಗೇ ಬೈದಳು.

"ತಿಂಗಳ ಕೊನೆಗೆ ನಿನ್ನ ಕಾಂಟ್ರಾಕ್ಟ್ ಮುಗಿಯುತ್ತೆ. ಸತ್ತವಳ ಗಂಡನ್ನ ಕಟ್ಕೊಂಡು ನಿಂಗೇನಾಗ್ಬೇಕೇ?"

"ಗಂಡನೇ ಇರ್ಲಿಲ್ಲ ಕಣಮ್ಮ, ಅದೇ ಜಗಳ!"

ಮಾರ್ಚ್ 14

ಜ್ವರ. ವಾರ ಪೂರ್ತಿ ರಜೆ. ಇವತ್ತು ಹೋದರೆ ಫಲಕಗಳೆಲ್ಲ ಆಗಲೇ ಗೋಡೆಯ ಮೇಲೆ. ಹನ್ನೆರಡನೆಯದು: 'ಖ್ಯಾತ ವ್ಯಾಪಾರಿಯ ಪತ್ನಿ. ಪತಿಯ ಮಾರ್ಗದರ್ಶನದಲ್ಲಿ ನದಿಯ ನಕ್ಷೆ ರಚಿಸಿದರು.'

ಮಾರ್ಗದರ್ಶನ! ಆ ಮಹಾರಾಯ ನದಿಗೆ ಕಾಲು ಅದ್ದಿದ್ದಕ್ಕೂ ದಾಖಲೆಯಿಲ್ಲ. ಕೆಳಗೆ ಸಣ್ಣ ಅಕ್ಷರದಲ್ಲಿ 'ಬರಹ' ಎಂದು ನನ್ನ ಹೆಸರು ಬೇರೆ. ಪ್ರಿಂಟಿಂಗಿನವನನ್ನು ಕೇಳಿದೆ. "ಸಾಹೇಬ್ರು ಹೇಳಿದ್ರು, ಹಾಕ್ದೆ ಮೇಡಂ." ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ. ಹಲ್ಲು ಕಚ್ಚಿಕೊಂಡು ಮನೆಗೆ ಬಂದೆ.

ಮಾರ್ಚ್ 17, ಬೆಳಿಗ್ಗೆ 9.20

ಹತ್ತಕ್ಕೆ ಉದ್ಘಾಟನೆ. ನಾನು ಎಂಟಕ್ಕೇ ಬಂದೆ. ಪೇಪರ್ ಕಟರ್ ತೆಗೆದುಕೊಂಡು ಗಂಡನನ್ನು ಕೆರೆದು ಹಾಕಿದೆ. ಮಾರ್ಗದರ್ಶನವನ್ನೂ. ಉಳಿದದ್ದು ಅವಳ ಹೆಸರು, ನದಿಯ ನಕ್ಷೆ ರಚಿಸಿದರು, ಅಷ್ಟೇ. ಫಲಕ ಗೀರುಬಿದ್ದು ಅಸಹ್ಯ ಕಾಣುತ್ತದೆ. ಕಾಣಲಿ. ಕಸ ಗುಡಿಸುವ ಅಕ್ಕ ಎಲ್ಲ ನೋಡಿದಳು. "ಪುಡಿ ಬಿದ್ದಿದೆ, ಸ್ವಲ್ಪ ಸರಿಯಮ್ಮ" ಎಂದು ಗುಡಿಸಿಕೊಂಡು ಹೋದಳು.

9.40

ಹಾಲ್‌ನಲ್ಲಿ ಮುಖ್ಯಸ್ಥರ ಕೂಗಾಟ. ನನ್ನ ಟೇಬಲ್‌ವರೆಗೂ ಕೇಳುತ್ತಿದೆ. ಗದರಿಸುತ್ತಿರುವುದು ಅಕ್ಕನನ್ನು.

"ಬೆಳಿಗ್ಗೆ ಇಲ್ಲಿದ್ದೋಳು ನೀನೊಬ್ಳೇ! ಹೇಳು, ಯಾರು ಮಾಡಿದ್ದು? ಇಲ್ಲಾಂದ್ರೆ ನಾಳೆಯಿಂದ ಬರ್ಬೇಡ!"

ಅವಳು ಬಾಯಿ ಬಿಡುತ್ತಿಲ್ಲ. ಯಾಕೆ ಬಿಡುತ್ತಿಲ್ಲ! ನನಗೋಸ್ಕರ ಅವಳ ಹೊಟ್ಟೆಯ ಮೇಲೆ ಯಾಕೆ ಹೊಡೆತ? ಎದ್ದೆ. ಹೋಗಿ ಹೇಳುತ್ತೇನೆ — ನಾನೇ ಮಾಡಿದ್ದು, ಇನ್ನೂ ಹನ್ನೊಂದು ಫಲಕಗಳ ಮೊದಲ ಸಾಲು ಕೆರೆಯುವುದು ಬಾಕಿಯಿದೆ ಎಂದು.